ಲಿನಕ್ಸ್ ಇನ್‌ಸ್ಟಾಲ್ ಮಾಡಲು ಬೂಟ್ ಆಗುವ ಪೆನ್‌ಡ್ರೈವ್ ಸಿದ್ಧಪಡಿಸುವ ಬಗೆ

ಲಿನಕ್ಸ್ ಇನ್‌ಸ್ಟಾಲ್ ಮಾಡಹೊರಟ ಹೊಸಬರು ಮೊದಲು ಮಾಡುವ ತಪ್ಪು ಬಹುಮಟ್ಟಿಗೆ ಒಂದೇ. ಐಎಸ್‌ಒ ಕಡತವನ್ನು ಡೌನ್‌ಲೋಡ್ ಮಾಡಿಕೊಂಡು, ಹಾಡನ್ನೋ ಫೋಟೋವನ್ನೋ ಕಾಪಿ ಮಾಡುವಂತೆ ಅದನ್ನು ಪೆನ್‌ಡ್ರೈವಿಗೆ ಹಾಕಿ, ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡುತ್ತಾರೆ. ತೆರೆಯ ಮೇಲೆ ಮತ್ತೆ ಹಳೆಯ ವಿಂಡೋಸೇ ಬರುತ್ತದೆ. ಪೆನ್‌ಡ್ರೈವ್ ಕೆಟ್ಟಿದೆಯೆಂದೋ ಕಡತ ಸರಿಯಿಲ್ಲವೆಂದೋ ಅನುಮಾನಪಟ್ಟು ಇನ್ನೊಮ್ಮೆ ಡೌನ್‌ಲೋಡ್ ಮಾಡುವವರೂ ಇದ್ದಾರೆ. ಆದರೆ ಕೆಟ್ಟಿರುವುದು ಯಾವುದೂ ಅಲ್ಲ. ಕಾಪಿ ಮಾಡುವುದಕ್ಕೂ ಬರೆಯುವುದಕ್ಕೂ ಇರುವ ವ್ಯತ್ಯಾಸ ತಿಳಿಯದಿರುವುದೇ ಇಲ್ಲಿನ ತೊಡಕು.

ಐಎಸ್‌ಒ ಎಂಬುದು ನೋಡಲು ಒಂದೇ ಕಡತವಾದರೂ ನಿಜದಲ್ಲಿ ಅದೊಂದು ಇಡೀ ಡಿಸ್ಕಿನ ಪಡಿಯಚ್ಚು. ಬೂಟ್ ಮಾಡುವ ಪುಟ್ಟ ಪ್ರೋಗ್ರಾಂ, ಪಾರ್ಟಿಷನ್‌ಗಳ (ಡಿಸ್ಕಿನ ವಿಭಾಗಗಳ) ವಿವರ, ಕಡತ ವ್ಯವಸ್ಥೆ, ಅದರೊಳಗಿನ ಸಾವಿರಾರು ಕಡತಗಳು ಎಲ್ಲವೂ ಅದರಲ್ಲಿ ತಮ್ಮ ತಮ್ಮ ಸ್ಥಾನದಲ್ಲಿ ಇರುತ್ತವೆ. ಕಂಪ್ಯೂಟರನ್ನು ಆನ್ ಮಾಡಿದೊಡನೆ ಎಚ್ಚರಗೊಳ್ಳುವ ಫರ್ಮ್‌ವೇರ್ ಬಹಳ ಸೀಮಿತ ತಿಳಿವಳಿಕೆಯದು. ಹಳೆಯ ಬಯಾಸ್ ಆಗಿದ್ದರೆ ಅದು ಡಿಸ್ಕಿನ ಮೊಟ್ಟಮೊದಲ 512 ಬೈಟ್‌ಗಳನ್ನು ಓದಿ, ಅಲ್ಲಿ ಬೂಟ್ ಕೋಡ್ ಇದ್ದರೆ ಅದನ್ನು ನಡೆಸುತ್ತದೆ. ಹೊಸ ಯುಇಎಫ್‌ಐ ಆಗಿದ್ದರೆ ಅದು ಫ್ಯಾಟ್ ಮಾದರಿಯ ಪಾರ್ಟಿಷನ್ ಒಂದನ್ನು ಹುಡುಕಿ, ಅದರಲ್ಲಿನ 'ಇಎಫ್‌ಐ' ಎಂಬ ಕೋಶದ ಒಳಗಿರುವ 'ಬೂಟ್' ಕೋಶದಲ್ಲಿ ನಿಗದಿತ ಹೆಸರಿನ ಕಡತವಿದೆಯೇ ಎಂದು ನೋಡುತ್ತದೆ. ಎದುರಿಗೆ ಐಎಸ್‌ಒ ಕಡತ ಬಿದ್ದಿದ್ದರೂ ಅದನ್ನು ಬಿಚ್ಚಿ ಒಳಗೆ ಇಣುಕುವ ಕೆಲಸವನ್ನು ಇವೆರಡೂ ಮಾಡುವುದಿಲ್ಲ. ಆದುದರಿಂದ ಪಡಿಯಚ್ಚಿನ ಒಳಗಿರುವುದನ್ನು ಪೆನ್‌ಡ್ರೈವಿನ ಮೇಲೆ ಹರಡಿ, ಫರ್ಮ್‌ವೇರ್ ಎಲ್ಲಿ ಹುಡುಕುತ್ತದೆಯೋ ಅಲ್ಲಿಯೇ ಸಿಗುವಂತೆ ಬರೆಯಬೇಕಾಗುತ್ತದೆ.

ಬೇಕಾಗುವ ಸಾಮಗ್ರಿ

8 ಜಿಬಿಯ ಪೆನ್‌ಡ್ರೈವ್ ಬಹುತೇಕ ಎಲ್ಲ ಲಿನಕ್ಸ್ ವಿತರಣೆಗಳಿಗೆ, ಅಂದರೆ ಬೇರೆ ಬೇರೆ ತಂಡಗಳು ಸಿದ್ಧಪಡಿಸಿ ಹಂಚುವ ಲಿನಕ್ಸ್ ರೂಪಗಳಿಗೆ, ಸಾಕು. ಉಬುಂಟು 24.04 ಡೆಸ್ಕ್‌ಟಾಪ್ ಐಎಸ್‌ಒ ಸುಮಾರು 6 ಜಿಬಿ ಇದೆ, ಲಿನಕ್ಸ್ ಮಿಂಟ್ ಸುಮಾರು 3 ಜಿಬಿ, ಡೆಬಿಯನ್ನಿನ ನೆಟ್‌ವರ್ಕ್ ಇನ್‌ಸ್ಟಾಲರ್ 1 ಜಿಬಿಗಿಂತಲೂ ಚಿಕ್ಕದು. ಪೆನ್‌ಡ್ರೈವಿನಲ್ಲಿ ಮೊದಲೇ ಇದ್ದುದೆಲ್ಲ ಅಳಿದುಹೋಗುತ್ತದೆಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಬೇಕಾದುದನ್ನು ಬೇರೆಡೆಗೆ ಸಾಗಿಸಿಕೊಳ್ಳಿ. ಮೇಲೆ 64 ಜಿಬಿ ಎಂದು ಮುದ್ರಿಸಿ ಒಳಗೆ ಅದರ ಕಾಲುಭಾಗವೂ ಇಲ್ಲದ ನಕಲಿ ಪೆನ್‌ಡ್ರೈವ್‌ಗಳು ಚಲಾವಣೆಯಲ್ಲಿವೆ. ಇಂಥವು ಬರೆಯುವಾಗ ಯಾವ ದೂರನ್ನೂ ಹೇಳದೆ, ಇನ್‌ಸ್ಟಾಲ್ ಅರ್ಧಕ್ಕೆ ಬಂದಾಗ ಕೈಕೊಡುತ್ತವೆ. ಅನುಮಾನವಿದ್ದರೆ ವಿಂಡೋಸಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸಿನಲ್ಲಿ ಎಫ್3 ಎಂಬ ತಂತ್ರಾಂಶಗಳಿಂದ ನಿಜವಾದ ಸಾಮರ್ಥ್ಯವನ್ನು ಅಳೆಯಬಹುದು.

ಯಾವ ವಿತರಣೆಯೆಂಬ ಚರ್ಚೆಗೆ ಇದು ಜಾಗವಲ್ಲ. ಆದರೆ ಡೌನ್‌ಲೋಡ್ ಪುಟದಲ್ಲಿ ಕಾಣುವ 'ಎಎಂಡಿ64' ಎಂಬ ಹೆಸರನ್ನು ನೋಡಿ, ತಮ್ಮದು ಇಂಟೆಲ್ ಪ್ರೊಸೆಸರ್ ಎಂದು ಹಿಂಜರಿಯುವವರಿಗೆ ಒಂದು ಮಾತು: ಪಿಸಿಗಳ 64 ಬಿಟ್ ಸೂಚನಾ ಕ್ರಮವನ್ನು ಮೊದಲು ರೂಪಿಸಿದ್ದು ಎಎಂಡಿ ಕಂಪನಿಯಾದ್ದರಿಂದ ಆ ಹೆಸರು ಉಳಿದುಕೊಂಡಿದೆ, ಇಂಟೆಲ್ ಪ್ರೊಸೆಸರಿಗೂ ಅದೇ ಕಡತ. ಆರ್ಮ್ ಪ್ರೊಸೆಸರ್ ಇರುವ ಯಂತ್ರಗಳಿಗೆ ಮಾತ್ರ ಬೇರೆ ಕಡತ ಬೇಕು. 32 ಬಿಟ್‌ನ ತೀರ ಹಳೆಯ ಪಿಸಿಗಳ ಕಾಲ ಮುಗಿಯುತ್ತ ಬಂದಿದೆ. ಬಹುಕಾಲ ಅವುಗಳ ಕೈಬಿಡದಿದ್ದ ಡೆಬಿಯನ್ ಕೂಡ 2025ರಲ್ಲಿ ಬಂದ ತನ್ನ 13ನೆಯ ಆವೃತ್ತಿಯಲ್ಲಿ ಅವುಗಳ ಇನ್‌ಸ್ಟಾಲರನ್ನು ನಿಲ್ಲಿಸಿತು.

ಬರೆಯುವ ಮೊದಲು ಪರಿಶೀಲನೆ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಇದನ್ನು ಬಿಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಏಕೆಂದರೆ ಎರಡು ನಿಮಿಷದ ಈ ಕೆಲಸವನ್ನು ಉಳಿಸಿಕೊಂಡವರು ಆಮೇಲೆ ಅರ್ಥವಾಗದ ದೋಷ ಸಂದೇಶಗಳ ಹಿಂದೆ ಇಡೀ ಸಂಜೆಯನ್ನು ಕಳೆಯುವುದುಂಟು. ಡೌನ್‌ಲೋಡ್ ಮಧ್ಯದಲ್ಲಿ ಸಂಪರ್ಕ ಕಡಿದು ಮತ್ತೆ ಕೂಡಿಕೊಂಡಾಗ ಕಡತದ ಗಾತ್ರ ಸರಿಯಾಗಿಯೇ ಕಂಡು, ಒಳಗಿನ ಯಾವುದೋ ತುಣುಕು ಕೆಟ್ಟಿರುವ ಸಾಧ್ಯತೆ ಇರುತ್ತದೆ. ಇದನ್ನು ಪತ್ತೆಹಚ್ಚಲು ವಿತರಣೆಯ ತಂಡದವರು ಐಎಸ್‌ಒ ಜೊತೆಗೆ ಎಸ್‌ಎಚ್‌ಎ256 ಚೆಕ್‌ಸಮ್ ಒಂದನ್ನು ಪ್ರಕಟಿಸಿರುತ್ತಾರೆ. ಅದು 64 ಅಕ್ಷರಗಳ ಒಂದು ಸಾಲು. ಕಡತದಲ್ಲಿ ಒಂದೇ ಒಂದು ಬಿಟ್ ಬದಲಾದರೂ ಆ ಸಾಲು ಗುರುತು ಸಿಗದಷ್ಟು ಬದಲಾಗುತ್ತದೆ.

ನಿಮ್ಮಲ್ಲಿರುವ ಕಡತದ ಚೆಕ್‌ಸಮ್ ತಿಳಿಯಲು ಆದೇಶಗಳನ್ನು ಟೈಪ್ ಮಾಡುವ ಲಿನಕ್ಸಿನ ಟರ್ಮಿನಲ್ಲಿನಲ್ಲಿ 'ಎಸ್‌ಎಚ್‌ಎ256ಸಮ್' (sha256sum) ಎಂಬ ಆದೇಶವಿದೆ. ಅದರ ಮುಂದೆ ಕಡತದ ಹೆಸರು ಕೊಟ್ಟರಾಯಿತು. ವಿಂಡೋಸಿನ ಪವರ್‌ಶೆಲ್‌ನಲ್ಲಿ 'ಗೆಟ್-ಫೈಲ್‌ಹ್ಯಾಶ್' (Get-FileHash) ಎಂಬ ಆದೇಶ ಇದೇ ಕೆಲಸವನ್ನು ಮಾಡುತ್ತದೆ. ಆದೇಶಗಳ ಗೊಡವೆ ಬೇಡವೆನ್ನುವವರು, ಮುಂದೆ ವಿವರಿಸಲಿರುವ ರೂಫಸ್ ತಂತ್ರಾಂಶದಲ್ಲಿ ಐಎಸ್‌ಒ ಆರಿಸಿಕೊಂಡ ನಂತರ ಪಕ್ಕದಲ್ಲಿರುವ ಟಿಕ್ ಗುರುತಿನ ಗುಂಡಿಯನ್ನು ಒತ್ತಿದರೆ ಅದು ಲೆಕ್ಕ ಹಾಕಿ ತೋರಿಸುತ್ತದೆ. ಬಂದ ಸಾಲನ್ನು ಕಣ್ಣಿನಿಂದ ಅಕ್ಷರ ಅಕ್ಷರವಾಗಿ ಹೋಲಿಸುವ ಬದಲು, ಅದನ್ನು ಕಾಪಿ ಮಾಡಿಕೊಂಡು ಪ್ರಕಟಿತ ಚೆಕ್‌ಸಮ್ ಇರುವ ಪುಟದಲ್ಲಿ ಹುಡುಕು ಸೌಲಭ್ಯದಿಂದ ಹುಡುಕಿ. ಸಿಕ್ಕಿತೆಂದರೆ ಹೊಂದಿದೆ ಎಂದರ್ಥ. ಟೊರೆಂಟ್ ಮೂಲಕ ಡೌನ್‌ಲೋಡ್ ಮಾಡಿದರೆ ಪ್ರತಿ ತುಣುಕಿನ ಪರಿಶೀಲನೆಯೂ ತಾನಾಗಿಯೇ ಆಗುವುದರಿಂದ ಹಾದಿಯಲ್ಲಿ ಕೆಡುವ ಭಯ ಕಡಿಮೆ.

ಆದರೆ ಚೆಕ್‌ಸಮ್ ಹೇಳುವುದು ಕಡತ ಕೆಟ್ಟಿಲ್ಲ ಎಂಬುದನ್ನು ಮಾತ್ರ, ಅದು ಅಸಲಿಯೇ ಎಂಬುದನ್ನಲ್ಲ. 2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್ ತಂಡದ ಜಾಲತಾಣಕ್ಕೆ ನುಗ್ಗಿದ ದಾಳಿಕೋರರು, 17.3 ಸಿನಮನ್ ಆವೃತ್ತಿಯ ಡೌನ್‌ಲೋಡ್ ಕೊಂಡಿಯನ್ನು ತಾವು ತಯಾರಿಸಿದ, ಕಳ್ಳಬಾಗಿಲಿದ್ದ ಐಎಸ್‌ಒ ಕಡೆಗೆ ತಿರುಗಿಸಿದ್ದರು. ಜಾಲತಾಣವೇ ಪರರ ಕೈಯಲ್ಲಿದ್ದಾಗ ಅದರ ಮೇಲಿನ ಚೆಕ್‌ಸಮ್ಮನ್ನು ತಿದ್ದುವುದು ಎಷ್ಟರ ಕೆಲಸ? ಇದಕ್ಕೆಂದೇ ಡಿಜಿಟಲ್ ಸಹಿಯ ಏರ್ಪಾಡಿದೆ. ತಂಡದವರು ಚೆಕ್‌ಸಮ್‌ಗಳ ಪಟ್ಟಿಗೆ ತಮ್ಮ ಗುಪ್ತ ಕೀಲಿಯಿಂದ ಸಹಿ ಹಾಕಿರುತ್ತಾರೆ. ಅವರ ಬಹಿರಂಗ ಕೀಲಿಯನ್ನು ಪಡೆದು ಜಿಪಿಜಿ ತಂತ್ರಾಂಶದಿಂದ ಆ ಸಹಿಯನ್ನು ಪರೀಕ್ಷಿಸಬಹುದು. ಮನೆಯ ಕಂಪ್ಯೂಟರಿಗೆ ಅಧಿಕೃತ ತಾಣದಿಂದ ಇಳಿಸಿಕೊಂಡು ಚೆಕ್‌ಸಮ್ ನೋಡಿದರೆ ಸಾಕೆಂದು ನಾನು ಒಪ್ಪುತ್ತೇನೆ. ಹಲವರ ಮಾಹಿತಿ ಇರುವ ಯಂತ್ರವಾದರೆ ಸಹಿಯನ್ನೂ ನೋಡಿಯೇ ಮುಂದುವರಿಯಬೇಕು.

ವಿಂಡೋಸಿನಲ್ಲಿ ಬರೆಯುವುದು

ವಿಂಡೋಸ್ ಬಳಸುವವರಿಗೆ ರೂಫಸ್ ತಕ್ಕ ಸಾಧನ. ಅದು ಚಿಕ್ಕದು, ಉಚಿತ, ಇನ್‌ಸ್ಟಾಲ್ ಮಾಡದೆಯೂ ನಡೆಸಬಹುದು. ಆದರೆ ಅದನ್ನು ತೆರೆಯುವ ಮೊದಲು, ಕಂಪ್ಯೂಟರಿಗೆ ಸಿಕ್ಕಿಸಿರುವ ಹೊರಗಿನ ಹಾರ್ಡ್ ಡಿಸ್ಕ್, ಬೇರೆ ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಎಲ್ಲವನ್ನೂ ಬಿಚ್ಚಿಡಿ. ಈ ಇಡೀ ಬರಹದಲ್ಲಿ ಒಂದೇ ಸಲಹೆ ನೆನಪಿರುವುದಾದರೆ ಇದಿರಲಿ. ತಪ್ಪು ಡಿಸ್ಕಿಗೆ ಬರೆದದ್ದನ್ನು ಹಿಂದಕ್ಕೆ ಪಡೆಯುವ ಗುಂಡಿ ಯಾವ ತಂತ್ರಾಂಶದಲ್ಲೂ ಇಲ್ಲ. ಎದುರಿಗೆ ಆಯ್ಕೆಯೇ ಒಂದಿದ್ದರೆ ತಪ್ಪುವ ಪ್ರಶ್ನೆಯೂ ಇಲ್ಲ.

ರೂಫಸ್ ತೆರೆದಾಗ ಮೊದಲು ಕಾಣುವ 'ಡಿವೈಸ್' ಸಾಲಿನಲ್ಲಿ ನಿಮ್ಮ ಪೆನ್‌ಡ್ರೈವ್ ಇರಬೇಕು; ಹೆಸರಿಗಿಂತ ಗಾತ್ರವನ್ನು ನೋಡಿ ಖಚಿತಪಡಿಸಿಕೊಳ್ಳುವುದು ಲೇಸು. 'ಸೆಲೆಕ್ಟ್' ಒತ್ತಿ ಐಎಸ್‌ಒ ಕಡತವನ್ನು ಆರಿಸಿ. ಪಾರ್ಟಿಷನ್ ವಿವರವನ್ನು ಯಾವ ಬಗೆಯಲ್ಲಿ ಬರೆಯಬೇಕೆಂದು ಕೇಳುವ, ಅನಂತರ ಬರುವ 'ಪಾರ್ಟಿಷನ್ ಸ್ಕೀಮ್' ಹಲವರನ್ನು ಗೊಂದಲಕ್ಕೆ ತಳ್ಳುತ್ತದೆ. ಲಿನಕ್ಸ್ ಹಾಕಲಿರುವ ಯಂತ್ರ ವಿಂಡೋಸ್ 11ರೊಂದಿಗೆ ಬಂದಿದ್ದರೆ ಅದು ಯುಇಎಫ್‌ಐ ಯಂತ್ರವೇ ಆಗಿರುವುದರಿಂದ 'ಜಿಪಿಟಿ' ಆರಿಸಬಹುದು. ಹಳೆಯ ಬಯಾಸ್ ಯಂತ್ರವಾದರೆ ಅಥವಾ ಯಾವುದೆಂದು ತಿಳಿಯದಿದ್ದರೆ 'ಎಂಬಿಆರ್' ಇರಲಿ. ಕಡತ ವ್ಯವಸ್ಥೆಯನ್ನು ಸಾಮಾನ್ಯವಾಗಿ ಫ್ಯಾಟ್32 ಎಂದೇ ಬಿಡಬೇಕು, ಏಕೆಂದರೆ ಎಲ್ಲ ಫರ್ಮ್‌ವೇರ್‌ಗಳೂ ಓದಬಲ್ಲದ್ದು ಅದನ್ನು. ಉಬುಂಟುವಿನಂಥ ಕೆಲವನ್ನು ಆರಿಸಿದಾಗ 'ಪರ್ಸಿಸ್ಟೆಂಟ್ ಪಾರ್ಟಿಷನ್' ಎಂಬ ಇನ್ನೊಂದು ಆಯ್ಕೆ ಕಾಣುತ್ತದೆ. ಪೆನ್‌ಡ್ರೈವಿನಿಂದಲೇ ಲಿನಕ್ಸ್ ನಡೆಸುತ್ತ ಮಾಡಿದ ಬದಲಾವಣೆಗಳು ಉಳಿಯಬೇಕೆಂದಿದ್ದರೆ ಅದಕ್ಕೆ ಜಾಗ ಕೊಡಿ. ಇನ್‌ಸ್ಟಾಲ್ ಮಾತ್ರ ಮಾಡುವುದಿದ್ದರೆ ಸೊನ್ನೆಯೇ ಇರಲಿ.

'ಸ್ಟಾರ್ಟ್' ಒತ್ತಿದ ಮೇಲೆ, ಇದು ಎರಡು ಬಗೆಯಲ್ಲೂ ಬರೆಯಬಹುದಾದ ಐಎಸ್‌ಒ ಎಂದು ತಿಳಿಸಿ ಐಎಸ್‌ಒ ವಿಧಾನವೋ ಡಿಡಿ ವಿಧಾನವೋ ಎಂದು ರೂಫಸ್ ಕೇಳುತ್ತದೆ. ಮೊದಲನೆಯದರಲ್ಲಿ ಅದು ಪೆನ್‌ಡ್ರೈವಿನಲ್ಲಿ ಫ್ಯಾಟ್32 ಪಾರ್ಟಿಷನ್ ಮಾಡಿ, ಐಎಸ್‌ಒ ಒಳಗಿನ ಕಡತಗಳನ್ನು ಬಿಚ್ಚಿ ಹಾಕುತ್ತದೆ. ಉಳಿದ ಜಾಗವನ್ನು ನೀವು ಬಳಸಿಕೊಳ್ಳಬಹುದು. ಎರಡನೆಯದರಲ್ಲಿ ಐಎಸ್‌ಒವಿನ ಪ್ರತಿ ಬೈಟನ್ನೂ ಇದ್ದ ಕ್ರಮದಲ್ಲೇ ಪೆನ್‌ಡ್ರೈವಿಗೆ ಇಳಿಸುತ್ತದೆ. ಮೊದಲನೆಯದನ್ನೇ ರೂಫಸ್ ಶಿಫಾರಸು ಮಾಡುತ್ತದೆ, ಅದರಿಂದಲೇ ಆರಂಭಿಸಿ. ಹಾಗೆ ಬರೆದದ್ದು ಬೂಟ್ ಆಗದಿದ್ದರೆ ಡಿಡಿ ವಿಧಾನದಲ್ಲಿ ಇನ್ನೊಮ್ಮೆ ಬರೆಯಿರಿ. ಡಿಡಿ ವಿಧಾನದಲ್ಲಿ ಬರೆದ ಮೇಲೆ ವಿಂಡೋಸಿಗೆ ಆ ಪೆನ್‌ಡ್ರೈವ್ ಸರಿಯಾಗಿ ಅರ್ಥವಾಗದೆ, ಅದನ್ನು ಫಾರ್ಮ್ಯಾಟ್ ಮಾಡಬೇಕೇ ಎಂದು ಕೇಳಬಹುದು. ಬೇಡವೆನ್ನಿ. ಬೇಕೆಂದರೆ ಮಾಡಿದ ಕೆಲಸವೆಲ್ಲ ನೀರುಪಾಲು.

ಆಯ್ಕೆಗಳೇ ಬೇಡವೆನ್ನುವವರಿಗೆ ಬಲೇನಾಎಚರ್ ಇದೆ. ಅದು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಕಡತ ಆರಿಸು, ಪೆನ್‌ಡ್ರೈವ್ ಆರಿಸು, ಬರೆ ಎಂಬಷ್ಟೇ ಅದರ ಕ್ರಮ. ಕಂಪ್ಯೂಟರಿನ ಒಳಗಿನ ಡಿಸ್ಕುಗಳನ್ನು ಅದು ತಾನಾಗಿಯೇ ಪಟ್ಟಿಯಿಂದ ಮರೆಮಾಡುತ್ತದೆ, ಬರೆದ ಮೇಲೆ ಮತ್ತೆ ಓದಿ ಹೋಲಿಸುತ್ತದೆ. ಈ ಮರುಓದು ಬೇಸರ ತರಿಸಿದರೂ ಅದನ್ನು ನಡುವೆ ನಿಲ್ಲಿಸಬೇಡಿ, ಸೊರಗಿದ ಪೆನ್‌ಡ್ರೈವ್‌ಗಳು ಸಿಕ್ಕಿಬೀಳುವುದು ಅಲ್ಲಿಯೇ.

ಲಿನಕ್ಸಿನಲ್ಲಿ ಬರೆಯುವುದು

ಈಗಾಗಲೇ ಲಿನಕ್ಸ್ ಇರುವ ಕಂಪ್ಯೂಟರಿನಲ್ಲಿ ಬೇರೆ ತಂತ್ರಾಂಶವನ್ನು ಹುಡುಕುವ ಅಗತ್ಯ ಕಡಿಮೆ. ಗ್ನೋಮ್ ಡೆಸ್ಕ್‌ಟಾಪಿನ 'ಡಿಸ್ಕ್ಸ್' ತಂತ್ರಾಂಶದಲ್ಲಿ ಪೆನ್‌ಡ್ರೈವನ್ನು ಆರಿಸಿ ಮೆನುವಿನಿಂದ 'ರಿಸ್ಟೋರ್ ಡಿಸ್ಕ್ ಇಮೇಜ್' ಕೊಟ್ಟರಾಯಿತು. ಲಿನಕ್ಸ್ ಮಿಂಟ್‌ನಲ್ಲಿ 'ಯುಎಸ್‌ಬಿ ಇಮೇಜ್ ರೈಟರ್' ಇದೆ. ಫೆಡೋರಾ ತಂಡದ 'ಫೆಡೋರಾ ಮೀಡಿಯಾ ರೈಟರ್' ಐಎಸ್‌ಒ ಕಡತವನ್ನು ತಾನೇ ಇಳಿಸಿಕೊಂಡು, ಪರಿಶೀಲಿಸಿ, ಬರೆಯುವವರೆಗೆ ಎಲ್ಲವನ್ನೂ ನೋಡಿಕೊಳ್ಳುತ್ತದೆ.

ಟರ್ಮಿನಲ್ ಪ್ರಿಯರ ಮೆಚ್ಚಿನದು 'ಡಿಡಿ' (dd) ಆದೇಶ. ಎಲ್ಲಿಂದ ಓದಬೇಕೆಂಬುದನ್ನು 'ಐಎಫ್' ಎಂದೂ ಎಲ್ಲಿಗೆ ಬರೆಯಬೇಕೆಂಬುದನ್ನು 'ಒಎಫ್' ಎಂದೂ ಅದಕ್ಕೆ ಹೇಳಲಾಗುತ್ತದೆ. ಅದು ಒಮ್ಮೆಯೂ ಮರುಪ್ರಶ್ನೆ ಕೇಳುವುದಿಲ್ಲ. ಒಎಫ್ ಎದುರಿಗೆ ನಿಮ್ಮ ಮುಖ್ಯ ಡಿಸ್ಕಿನ ಹೆಸರನ್ನು ಕೊಟ್ಟರೆ ಅದನ್ನೇ ನಿರ್ವಿಕಾರವಾಗಿ ಅಳಿಸಿಹಾಕುತ್ತದೆ. ಡಿಡಿ ಎಂದರೆ 'ಡಿಸ್ಕ್ ಡೆಸ್ಟ್ರಾಯರ್' ಎಂಬ ಹಾಸ್ಯ ಸುಮ್ಮನೆ ಹುಟ್ಟಿದ್ದಲ್ಲ. ಪೆನ್‌ಡ್ರೈವಿನ ಹೆಸರು ಯಾವಾಗಲೂ 'ಎಸ್‌ಡಿಬಿ' ಆಗಿರುತ್ತದೆ ಎಂಬ ಹಳೆಯ ನಂಬಿಕೆ ಇಲ್ಲಿ ವಿಶೇಷವಾಗಿ ಅಪಾಯಕಾರಿ. ಒಳಗಿನ ಡಿಸ್ಕ್ ಸಾಟಾ ಮಾದರಿಯದಾಗಿದ್ದರೆ ಸಾಮಾನ್ಯವಾಗಿ ಅದು 'ಎಸ್‌ಡಿಎ', ಪೆನ್‌ಡ್ರೈವ್ 'ಎಸ್‌ಡಿಬಿ'. ಒಳಗಿನದು ಎನ್‌ವಿಎಂಇ ಎಂಬ ಹೊಸ ಮಾದರಿಯದಾಗಿದ್ದರೆ ಅದರ ಹೆಸರಿನ ಕ್ರಮವೇ ಬೇರೆಯಾದ್ದರಿಂದ ಪೆನ್‌ಡ್ರೈವೇ 'ಎಸ್‌ಡಿಎ' ಆಗಬಹುದು. ಒಂದು ಲ್ಯಾಪ್‌ಟಾಪಿನಲ್ಲಿ ಬಾಯಿಪಾಠವಾದ ಆದೇಶವನ್ನು ಇನ್ನೊಂದರಲ್ಲಿ ಹಾಗೆಯೇ ಬಳಸಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಆದುದರಿಂದ ಪ್ರತಿ ಸಲವೂ ಪೆನ್‌ಡ್ರೈವ್ ಸಿಕ್ಕಿಸುವ ಮೊದಲು ಒಮ್ಮೆ, ಸಿಕ್ಕಿಸಿದ ಮೇಲೆ ಇನ್ನೊಮ್ಮೆ 'ಎಲ್‌ಎಸ್‌ಬ್ಲಾಕ್' (lsblk) ಆದೇಶ ಕೊಟ್ಟು, ಎರಡನೆಯ ಸಲ ಹೊಸದಾಗಿ ಕಾಣಿಸಿಕೊಂಡ ಸಾಲು ಯಾವುದೆಂದು ನೋಡಿಕೊಳ್ಳಿ.

ಆ ಹೆಸರಿನ ಕೊನೆಯಲ್ಲಿ ಅಂಕಿ ಇರಬಾರದು. 'ಎಸ್‌ಡಿಬಿ' ಎಂದರೆ ಇಡೀ ಪೆನ್‌ಡ್ರೈವ್, 'ಎಸ್‌ಡಿಬಿ1' ಎಂದರೆ ಅದರೊಳಗಿನ ಮೊದಲ ಪಾರ್ಟಿಷನ್. ಪಾರ್ಟಿಷನ್ನಿನೊಳಗೆ ಬರೆದರೆ ಬೂಟ್ ಕೋಡ್ ಡಿಸ್ಕಿನ ಮೊದಲ 512 ಬೈಟ್‌ಗಳಿಗೆ ಹೋಗುವ ಬದಲು ನಡುವೆ ಎಲ್ಲೋ ಹೋಗಿ ಕೂರುತ್ತದೆ, ಫರ್ಮ್‌ವೇರ್‌ಗೆ ಅದು ಕಾಣುವುದೇ ಇಲ್ಲ. ಬರೆಯುವ ಮೊದಲು ಪಾರ್ಟಿಷನ್‌ಗಳನ್ನು ಅನ್‌ಮೌಂಟ್ ಮಾಡಿ (ಬಳಕೆಯಿಂದ ಬಿಡಿಸಿ), ಆದರೆ ಪೆನ್‌ಡ್ರೈವನ್ನು ಕೀಳಬೇಡಿ. ಒಂದು ಸಲಕ್ಕೆ 4 ಎಂಬಿಯಂತೆ ಬರೆಯಲು ಹೇಳಿದರೆ ವೇಗ ಚೆನ್ನಾಗಿರುತ್ತದೆ. 'ಸ್ಟೇಟಸ್' ಆಯ್ಕೆಗೆ 'ಪ್ರೋಗ್ರೆಸ್' ಎಂದು ಕೊಟ್ಟರೆ ಎಷ್ಟು ಮುಗಿಯಿತೆಂದು ತೋರಿಸುತ್ತಿರುತ್ತದೆ. ಆದರೆ ಆ ಲೆಕ್ಕವನ್ನು ಪೂರ್ತಿ ನಂಬುವಂತಿಲ್ಲ. ಲಿನಕ್ಸ್ ಬರೆಯಬೇಕಾದುದನ್ನು ಮೊದಲು ಮೆಮೊರಿಯಲ್ಲಿ ತುಂಬಿಕೊಂಡು ನಿಧಾನವಾಗಿ ಪೆನ್‌ಡ್ರೈವಿಗೆ ಇಳಿಸುವುದರಿಂದ, ಎಲ್ಲ ಮುಗಿದಂತೆ ಕಂಡ ಮೇಲೂ ನಿಮಿಷಗಟ್ಟಲೆ ಬರವಣಿಗೆ ನಡೆಯುತ್ತಿರಬಹುದು. 'ಸಿಂಕ್' (sync) ಎಂಬ ಆದೇಶ ಕೊಟ್ಟು, ಅದು ಮುಗಿದು ಕರ್ಸರ್ ಹಿಂದಿರುಗಿದ ಮೇಲೆಯೇ ಪೆನ್‌ಡ್ರೈವನ್ನು ತೆಗೆಯಿರಿ.

ಇವೆಲ್ಲಕ್ಕಿಂತ ಬೇರೆಯದೇ ದಾರಿ ಹಿಡಿದಿರುವುದು 2020ರಲ್ಲಿ ಬಂದ ವೆಂಟಾಯ್. ಅದನ್ನು ಪೆನ್‌ಡ್ರೈವಿಗೆ ಒಮ್ಮೆ ಇನ್‌ಸ್ಟಾಲ್ ಮಾಡಿದರೆ, ಚಿಕ್ಕದೊಂದು ಬೂಟ್ ಪಾರ್ಟಿಷನ್ನನ್ನೂ ದೊಡ್ಡದೊಂದು ಸಾಮಾನ್ಯ ಪಾರ್ಟಿಷನ್ನನ್ನೂ ಅದು ಮಾಡಿಡುತ್ತದೆ. ಆಮೇಲೆ ದೊಡ್ಡದರೊಳಕ್ಕೆ ಬೇಕಾದಷ್ಟು ಐಎಸ್‌ಒ ಕಡತಗಳನ್ನು ಕಾಪಿ ಮಾಡಿದರೆ ಸಾಕು, ಬೂಟ್ ಆದಾಗ ಅವುಗಳ ಪಟ್ಟಿ ಬರುತ್ತದೆ. ಆರಂಭದಲ್ಲಿ ತಪ್ಪೆಂದು ಹೇಳಿದ ಕ್ರಮವೇ ಇಲ್ಲಿ ಸರಿಯಾದ ಕ್ರಮ. ಐಎಸ್‌ಒ ಕಡತದೊಳಗೆ ಇಣುಕಲು ಬಾರದ ಫರ್ಮ್‌ವೇರಿನ ಕೊರತೆಯನ್ನು ವೆಂಟಾಯ್ ತುಂಬಿಕೊಡುತ್ತದೆ. ಹಲವು ವಿತರಣೆಗಳನ್ನು ನೋಡಿ ಆರಿಸುವವರಿಗೆ ಇದು ಅನುಕೂಲ. ಒಂದೇ ಸಲ ಒಂದೇ ಕಂಪ್ಯೂಟರಿಗೆ ಹಾಕುವವರಿಗೆ ನಾನು ರೂಫಸನ್ನೋ ಎಚರನ್ನೋ ಹೇಳುತ್ತೇನೆ, ನಡುವೆ ಇನ್ನೊಂದು ಪದರ ಇಲ್ಲದಷ್ಟೂ ತೊಂದರೆ ಬಂದಾಗ ಹುಡುಕುವುದು ಸುಲಭ.

ಪೆನ್‌ಡ್ರೈವಿನಿಂದ ಬೂಟ್ ಮಾಡುವುದು

ವಿಂಡೋಸ್ ಇರುವ ಯಂತ್ರದಲ್ಲಿ ಡಿಸ್ಕಿಗೆ ಗುಪ್ತಲಿಪಿಯ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಚಾಲನೆಯಲ್ಲಿದೆಯೇ ಎಂದು ಮೊದಲು ನೋಡಿ. ಇದ್ದರೆ ಅದರ 48 ಅಂಕಿಗಳ ರಿಕವರಿ ಕೀಲಿಯನ್ನು ಬರೆದಿಟ್ಟುಕೊಳ್ಳದೆ ಫರ್ಮ್‌ವೇರಿನ ಯಾವ ಆಯ್ಕೆಯನ್ನೂ ಮುಟ್ಟಬೇಡಿ. ನಂಬಿಕೆಯ ಸಹಿ ಇರುವ ಪ್ರೋಗ್ರಾಂಗಳನ್ನು ಮಾತ್ರ ಬೂಟ್ ಆಗಲು ಬಿಡುವ 'ಸೆಕ್ಯೂರ್ ಬೂಟ್' ಏರ್ಪಾಡು ಬದಲಾದದ್ದನ್ನು ಕಂಡು ವಿಂಡೋಸ್ ಆ ಕೀಲಿಯನ್ನು ಕೇಳಬಹುದು, ಕೊಡಲಾಗದಿದ್ದರೆ ಒಳಗಿರುವ ಕಡತಗಳು ಕೈಗೆ ಸಿಗುವುದಿಲ್ಲ.

ಕಂಪ್ಯೂಟರ್ ಆನ್ ಆಗುತ್ತಿದ್ದಂತೆ ಬೂಟ್ ಮೆನುವಿನ ಕೀಲಿಯನ್ನು ಪದೇ ಪದೇ ಒತ್ತುವುದು ಸಾಮಾನ್ಯ ಕ್ರಮ. ಡೆಲ್ ಮತ್ತು ಲೆನೋವೋಗಳಲ್ಲಿ ಅದು ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಅಥವಾ ಎಸ್ಕೇಪ್, ಆಸೂಸ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್ಕೇಪ್. ಕ್ಷಣಾರ್ಧದಲ್ಲಿ ಬೂಟ್ ಆಗುವ ಯಂತ್ರಗಳಲ್ಲಿ ಇದು ಕೈಗೆ ಎಟುಕದಿದ್ದರೆ, ವಿಂಡೋಸ್ ಒಳಗಿನಿಂದಲೇ ಶಿಫ್ಟ್ ಕೀಲಿ ಹಿಡಿದುಕೊಂಡು 'ರೀಸ್ಟಾರ್ಟ್' ಒತ್ತಿ; ಬರುವ ನೀಲಿ ತೆರೆಯಲ್ಲಿ 'ಯೂಸ್ ಎ ಡಿವೈಸ್' ಆರಿಸಿ.

ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ, ಒಮ್ಮೆ 'ಯುಇಎಫ್‌ಐ' ಎಂಬ ಮುನ್ನುಡಿಯೊಂದಿಗೆ, ಇನ್ನೊಮ್ಮೆ ಅದಿಲ್ಲದೆ ಕಾಣಬಹುದು. ಇದು ಉಪೇಕ್ಷಿಸುವಂಥದ್ದಲ್ಲ. ಯಾವ ವಿಧಾನದಲ್ಲಿ ಪೆನ್‌ಡ್ರೈವ್ ಬೂಟ್ ಆಗುತ್ತದೆಯೋ ಲಿನಕ್ಸ್ ಸಾಮಾನ್ಯವಾಗಿ ಆ ವಿಧಾನಕ್ಕೆ ತಕ್ಕಂತೆಯೇ ಇನ್‌ಸ್ಟಾಲ್ ಆಗುತ್ತದೆ. ಯುಇಎಫ್‌ಐ ವಿಧಾನದ ವಿಂಡೋಸ್ ಪಕ್ಕದಲ್ಲಿ ಹಳೆಯ ಬಯಾಸ್ ವಿಧಾನದ ಲಿನಕ್ಸನ್ನು ಹಾಕಿದರೆ ಎರಡನ್ನೂ ಒಂದೇ ಮೆನುವಿನಿಂದ ಆರಿಸಿಕೊಳ್ಳಲಾಗದೆ ಒದ್ದಾಡಬೇಕಾಗುತ್ತದೆ.

ಸೆಕ್ಯೂರ್ ಬೂಟನ್ನು ಕಣ್ಣುಮುಚ್ಚಿ ಆಫ್ ಮಾಡುವ ಸಲಹೆ ಹಳೆಯದು. ಉಬುಂಟು, ಫೆಡೋರಾ, ಡೆಬಿಯನ್‌ಗಳು ಮೈಕ್ರೋಸಾಫ್ಟ್ ಸಹಿ ಇರುವ 'ಶಿಮ್' ಎಂಬ ಪುಟ್ಟ ಪ್ರೋಗ್ರಾಂ ಮೂಲಕ ಬೂಟ್ ಆಗುವುದರಿಂದ ಅದು ಆನ್ ಇದ್ದರೂ ನಡೆಯುತ್ತವೆ; ಆರ್ಚ್ ಲಿನಕ್ಸಿನ ಅಧಿಕೃತ ಐಎಸ್‌ಒಗೆ ಅದನ್ನು ಆಫ್ ಮಾಡಲೇಬೇಕು. ವೆಂಟಾಯ್ ಮೊದಲ ಸಲ ತನ್ನ ಕೀಲಿಯನ್ನು ನೋಂದಾಯಿಸಿಕೊಳ್ಳಲು ಕೇಳುತ್ತದೆ. ಮೇಜಿನ ಖಾನೆಯಲ್ಲಿ ವರ್ಷಗಳಿಂದ ಬಿದ್ದಿರುವ ಪೆನ್‌ಡ್ರೈವ್ ಈಗ ಬೂಟ್ ಆಗದಿದ್ದರೆ ಅದಕ್ಕೂ ಇಲ್ಲಿ ಕಾರಣವಿರಬಹುದು: 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಭದ್ರತಾ ದೋಷವಿದ್ದ ಹಳೆಯ ಶಿಮ್‌ಗಳನ್ನು ತಡೆಹಿಡಿದಾಗ, ಎರಡೂ ಆಪರೇಟಿಂಗ್ ಸಿಸ್ಟಂ ಇದ್ದ ಅನೇಕ ಯಂತ್ರಗಳಲ್ಲಿ ಲಿನಕ್ಸ್ ಬೂಟ್ ಆಗದೆ ಶಿಮ್ ಹಳೆಯದೇ ಎಂದು ನೋಡುವ 'ಎಸ್‌ಬ್ಯಾಟ್' ಪರಿಶೀಲನೆ ವಿಫಲವಾಯಿತೆಂಬ ಸಂದೇಶ ಬಂತು. ಹೊಸ ಐಎಸ್‌ಒ ಇಳಿಸಿಕೊಂಡು ಬರೆಯುವುದೇ ಇದಕ್ಕೆ ನೇರವಾದ ಪರಿಹಾರ.

ಲಿನಕ್ಸ್ ತೆರೆದುಕೊಂಡ ಮೇಲೆ ಇನ್‌ಸ್ಟಾಲ್ ಗುಂಡಿಗೆ ಆತುರಪಡಬೇಡಿ. ಪೆನ್‌ಡ್ರೈವಿನಿಂದಲೇ ನಡೆಯುವ ಈ ಲೈವ್ ಸ್ಥಿತಿಯಲ್ಲಿ ನಿಮ್ಮ ಡಿಸ್ಕಿನ ಮೇಲೆ ಇನ್ನೂ ಏನೂ ಬರೆದಿರುವುದಿಲ್ಲ. ವೈಫೈ, ಧ್ವನಿ, ಟಚ್‌ಪ್ಯಾಡ್, ಕ್ಯಾಮೆರಾಗಳನ್ನು ಪರೀಕ್ಷಿಸಿ. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ತೆರೆದರೆ ಸರಿಯಾಗಿ ಎಚ್ಚರಗೊಳ್ಳುತ್ತದೆಯೇ ಎಂದೂ ನೋಡಿ. ಆರಂಭದಲ್ಲೇ ತೆರೆ ಕಪ್ಪಾಗಿ ನಿಂತರೆ ಅದು ಹೆಚ್ಚಾಗಿ ಗ್ರಾಫಿಕ್ಸ್ ಚಾಲಕದ ಸಮಸ್ಯೆ. ಬೂಟ್ ಮೆನುವಿನಲ್ಲಿ 'ಸೇಫ್ ಗ್ರಾಫಿಕ್ಸ್' ಎಂಬ ಆಯ್ಕೆ ಇದ್ದರೆ ಅದರಿಂದ ಪ್ರಯತ್ನಿಸಿ. ಇನ್‌ಸ್ಟಾಲರ್‌ಗೆ ಒಳಗಿನ ಡಿಸ್ಕೇ ಕಾಣದಿದ್ದರೆ ಫರ್ಮ್‌ವೇರಿನಲ್ಲಿ ಇಂಟೆಲ್ ಆರ್‌ಎಸ್‌ಟಿ ಅಥವಾ ವಿಎಂಡಿ ಎಂಬ ಡಿಸ್ಕ್ ನಿರ್ವಹಣೆಯ ಏರ್ಪಾಡು ಆನ್ ಆಗಿದೆಯೇ ಎಂದು ನೋಡಬೇಕು, ಆದರೆ ಅದನ್ನು ಏಕಾಏಕಿ ಬದಲಿಸಿದರೆ ಇದ್ದ ವಿಂಡೋಸ್ ಬೂಟ್ ಆಗದೆ ಹೋಗಬಹುದು. ವಿಂಡೋಸ್ ಉಳಿಸಿಕೊಳ್ಳುವವರು ಅದನ್ನು ಮೊದಲು ಆ ಬದಲಾವಣೆಗೆ ಸಿದ್ಧಪಡಿಸಿಕೊಳ್ಳಬೇಕು.

ಕೆಲಸವೆಲ್ಲ ಮುಗಿದ ಮೇಲೆ ಪೆನ್‌ಡ್ರೈವನ್ನು ಮಾಮೂಲಿನಂತೆ ಬಳಸಹೊರಟಾಗ ಅದರ ಗಾತ್ರ ಕುಗ್ಗಿದಂತೆ ಕಂಡರೆ ಹೆದರಬೇಕಿಲ್ಲ; ಐಎಸ್‌ಒ ತಂದಿಟ್ಟ ಪಾರ್ಟಿಷನ್ ವಿವರವಷ್ಟೇ ಅಲ್ಲಿ ಕಾಣುತ್ತಿರುತ್ತದೆ. ರೂಫಸಿನ 'ಬೂಟ್ ಸೆಲೆಕ್ಷನ್' ಸಾಲಿನಲ್ಲಿ 'ನಾನ್ ಬೂಟಬಲ್' ಆರಿಸಿ 'ಸ್ಟಾರ್ಟ್' ಒತ್ತಿದರೆ ಪೂರ್ಣ ಗಾತ್ರ ಮರಳುತ್ತದೆ. ಲಿನಕ್ಸಿನಲ್ಲಾದರೆ 'ಡಿಸ್ಕ್ಸ್' ತಂತ್ರಾಂಶದಲ್ಲಿ ಇಡೀ ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ, ಹೊಸ ಪಾರ್ಟಿಷನ್ ಒಂದನ್ನು ಮಾಡಿಕೊಳ್ಳಿ. ಯಾವ ಡಿಸ್ಕ್ ಆರಿಸಿದ್ದೀರೆಂದು ಆಗಲೂ ಇನ್ನೊಮ್ಮೆ ನೋಡಿಕೊಂಡು.